ಇಲ್ಲದವರ ಪಾಲಿನ ಕೆಲಸ

ಪ್ರಿಯ ಗೆಳತಿ,

ನಿಮ್ಮ ಪತ್ರ ತಲುಪಿತು. ‘ಔಟ್‌ಲ್ಯಾಂಡರ್’ ಕಾದಂಬರಿಯನ್ನು ಅರ್ಧಕ್ಕೇ ಮುಚ್ಚಿಟ್ಟೆ, ಕ್ಲೇರ್ ಮೇಲೆ ಸಿಟ್ಟು ಬಂತು ಅಂತ ಬರೆದಿದ್ದೀರಿ. ಇಬ್ಬರು ಗಂಡಂದಿರ ನಡುವೆ, ಇನ್ನೂರು ವರ್ಷಗಳ ಅಂತರದಲ್ಲಿ ನಿಂತ ಹೆಂಗಸನ್ನು ನಿಷ್ಠಾವಂತೆ ಅಂತ ಹೇಗೆ ಒಪ್ಪಿಕೊಳ್ಳುವುದು ಅನ್ನುವುದು ನಿಮ್ಮ ಪ್ರಶ್ನೆ. ಆ ಸಿಟ್ಟು ನನಗೆ ಇಷ್ಟವಾಯಿತು. ಪಾತ್ರವನ್ನು ನಮ್ಮವಳು ಅಂದುಕೊಂಡಾಗಲೇ ಅಂಥ ಸಿಟ್ಟು ಬರುವುದು. ಹಾಗಾಗಿ ಎರಡು ಸಾಲಿನಲ್ಲಿ ಉತ್ತರಿಸಿ ಮುಗಿಸುವ ಮನಸ್ಸಾಗಲಿಲ್ಲ. ಈ ಕಥೆ ನನ್ನ ಮಟ್ಟಿಗೆ ಬರೀ ಪ್ರೇಮಕಥೆಯಲ್ಲ. ಯುದ್ಧ ಮನೆಯೊಳಗೆ ಕಾಲಿಟ್ಟಾಗ ಸಂಬಂಧಗಳು ಯಾವುದರ ಮೇಲೆ ನಿಲ್ಲುತ್ತವೆ ಅನ್ನುವುದನ್ನು ನಾನು ಇದರಿಂದ ಕಲಿತಿದ್ದೇನೆ.

ನೀವು ನಿಲ್ಲಿಸಿದ ಜಾಗ ಗೊತ್ತಿಲ್ಲದ್ದರಿಂದ ಎಳೆಯನ್ನು ಮೊದಲಿನಿಂದ ಹಿಡಿಯುತ್ತೇನೆ. ಎರಡನೇ ಮಹಾಯುದ್ಧ ಆಗಷ್ಟೇ ಮುಗಿದಿದೆ. ಯುದ್ಧಭೂಮಿಯಲ್ಲಿ ದಾದಿಯಾಗಿ ದುಡಿದ ಕ್ಲೇರ್, ಇತಿಹಾಸದ ಅಧ್ಯಾಪಕ ಫ್ರ್ಯಾಂಕ್ ರ‍್ಯಾಂಡಲ್. ಮದುವೆಯಾದ ಮೇಲೆ ಯುದ್ಧದ ದೆಸೆಯಿಂದ ಹೆಚ್ಚುಕಾಲ ದೂರದೂರವೇ ಇದ್ದ ದಂಪತಿ, ಮತ್ತೆ ಒಬ್ಬರಿಗೊಬ್ಬರು ಪರಿಚಯವಾಗಲೆಂದು ಸ್ಕಾಟ್ಲೆಂಡಿನ ಇನ್ವರ್ನೆಸ್‌ಗೆ ಬರುತ್ತಾರೆ. ಅಲ್ಲಿನ ನಿಲುಗಲ್ಲುಗಳ ವೃತ್ತವೊಂದರಲ್ಲಿ ಕ್ಲೇರ್ ಕಲ್ಲು ಮುಟ್ಟಿ 1743ಕ್ಕೆ ಬೀಳುತ್ತಾಳೆ. ಇಂಗ್ಲಿಷ್ ಸೇನೆಯ ಕ್ರೂರಿ ಕ್ಯಾಪ್ಟನ್ ಒಬ್ಬನ ಕೈಗೆ ಸಿಗದಿರಲೆಂದು ಜೇಮಿ ಫ್ರೇಸರ್ ಎಂಬ ಹೈಲ್ಯಾಂಡರ್, ಅಂದರೆ ಸ್ಕಾಟ್ಲೆಂಡಿನ ಗುಡ್ಡಗಾಡಿನ, ತರುಣನ ಜೊತೆ ಅವಳ ಮದುವೆ ನಡೆಯುತ್ತದೆ. ಆ ಕ್ಯಾಪ್ಟನ್ ಫ್ರ್ಯಾಂಕನ ವಂಶದವನು, ಮುಖವೂ ಅದೇ ಮುಖ. ಅನಿವಾರ್ಯಕ್ಕೆ ಆದ ಮದುವೆ ಪ್ರೀತಿಯಾಗುತ್ತದೆ. ಬರೆದವರು ಅಮೆರಿಕದ ಡಯಾನಾ ಗ್ಯಾಬಲ್ಡನ್, ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರು. ಕಾದಂಬರಿ ಬರೆಯುವುದನ್ನು ಕಲಿಯೋಣ ಅಂತ 1988ರಲ್ಲಿ ಕೈಹಾಕಿದ್ದು 1991ರಲ್ಲಿ ಮೊದಲ ಪುಸ್ತಕವಾಗಿ ಬಂತು. ಅದನ್ನು ಬರೆಯುವಾಗ ಅವರು ಸ್ಕಾಟ್ಲೆಂಡಿಗೆ ಹೋಗಿಯೇ ಇರಲಿಲ್ಲ.

ಇನ್ನು ಅವಳು ಹೋಗಿ ಬಿದ್ದ ಕಾಲದ ಯುದ್ಧದ ವಿಷಯ. ಅದನ್ನು ತಿಳಿಯದೆ ಕ್ಲೇರ್‌ಳ ಬಗ್ಗೆ ತೀರ್ಪು ಕೊಡುವುದು ಕಷ್ಟ.

1745ರಲ್ಲಿ ರಾಜಕುಮಾರ ಚಾರ್ಲ್ಸ್ ಎಡ್ವರ್ಡ್ ಸ್ಟುವರ್ಟ್, ತಾತನ ಕಾಲಕ್ಕೆ ಕೈತಪ್ಪಿದ ಬ್ರಿಟನ್ನಿನ ಸಿಂಹಾಸನವನ್ನು ತನ್ನ ತಂದೆಗೆ ಮರಳಿ ಕೊಡಿಸಲು ಸ್ಕಾಟ್ಲೆಂಡಿಗೆ ಬಂದಿಳಿದ. ಹುಟ್ಟಿದ್ದು ರೋಮ್‌ನಲ್ಲಿ; ಅವನು ಆಳಬೇಕೆಂದಿದ್ದ ನಾಡನ್ನು ಆವರೆಗೆ ಕಂಡವನಲ್ಲ. ಹೈಲ್ಯಾಂಡ್ಸ್‌ನ ಹಲವು ಕುಲಗಳು ಅವನ ಹಿಂದೆ ನಿಂತವು. ಸೈನ್ಯ ಲಂಡನ್ನಿನ ದಾರಿಯಲ್ಲಿ ಡಾರ್ಬಿಯವರೆಗೆ ಹೋಗಿ ಹಿಂದಿರುಗಿತು. 1746ರ ಏಪ್ರಿಲ್ 15, ಎದುರು ಪಕ್ಷದ ಸೇನಾನಿ ಡ್ಯೂಕ್ ಆಫ್ ಕಂಬರ್‌ಲ್ಯಾಂಡ್‌ನ ಹುಟ್ಟುಹಬ್ಬ. ಅವನ ಸೈನಿಕರು ಕುಡಿದು ಮೈಮರೆತಿರುತ್ತಾರೆಂದು ಎಣಿಸಿ ಹೈಲ್ಯಾಂಡರುಗಳು ಕತ್ತಲಲ್ಲಿ ನೇರ್ನ್ ಕಡೆಗೆ ನಡೆದರು. ಆ ದಿನ ಒಬ್ಬೊಬ್ಬನಿಗೆ ಸಿಕ್ಕಿದ್ದು ಒಂದೊಂದು ಬಿಸ್ಕತ್ತು. ಬೆಳಗಾಗುವುದರೊಳಗೆ ಶಿಬಿರ ಮುಟ್ಟಲಾಗದೆ, ನಿದ್ದೆಗೆಟ್ಟು ಬರಿಹೊಟ್ಟೆಯಲ್ಲಿ ವಾಪಸಾದರು. ಮಧ್ಯಾಹ್ನ ಕಲೋಡನ್ ಬಯಲಿನಲ್ಲಿ, ಆಲಿಕಲ್ಲು ಬೆರೆತ ಮಳೆ ಮುಖಕ್ಕೆ ಬಡಿಯುತ್ತಿರಲು, ಫಿರಂಗಿಗಳ ಎದುರು ಕತ್ತಿ ಹಿಡಿದು ಓಡಿದರು. ಒಂದು ಗಂಟೆಯೊಳಗೆ ಎಲ್ಲ ಮುಗಿಯಿತು. ರಾಜಕುಮಾರನ ಕಡೆಯವರಲ್ಲಿ 1,500ರಿಂದ 2,000 ಮಂದಿ ಸತ್ತರೋ ಗಾಯಗೊಂಡರೋ ಅನ್ನುವುದು ಇತಿಹಾಸಕಾರರ ಅಂದಾಜು. ಗೆದ್ದವರು ಗಾಯಾಳುಗಳನ್ನೂ ಬಿಡದೆ ಕೊಂದರು. ಮನೆಗಳಿಗೆ ಬೆಂಕಿ ಇಟ್ಟರು, ದನಗಳನ್ನು ಹೊಡೆದುಕೊಂಡು ಹೋದರು. ಆಯುಧ ಹಿಡಿಯುವುದನ್ನೂ ಹೈಲ್ಯಾಂಡ್ ಉಡುಪನ್ನು ತೊಡುವುದನ್ನೂ ಕಾನೂನು ತಂದು ನಿಷೇಧಿಸಿದರು. ಉಡುಪಿನ ಮೇಲಿನ ನಿಷೇಧ ತೆಗೆದದ್ದು 1782ರಲ್ಲಿ.

ಇದನ್ನು ಇಂಗ್ಲಿಷರು ಮತ್ತು ಸ್ಕಾಟರ ಯುದ್ಧ ಅಂತ ಓದಿಕೊಂಡರೆ ನಿಜ ಕೈಗೆ ಸಿಗದು. ಸ್ಕಾಟರು ಎರಡೂ ಕಡೆ ಇದ್ದರು. ಒಂದೇ ಮನೆಯವರು ಎರಡೂ ಕಡೆ ಇದ್ದರು. ಚಿಜಮ್ ಕುಲದ ಯಜಮಾನನ ಕಿರಿಮಗ ರಾಜಕುಮಾರನ ಕಡೆ ಕುಲದವರನ್ನು ಮುನ್ನಡೆಸಿ ಆ ಬಯಲಿನಲ್ಲೇ ಸತ್ತ. ಅವನ ಇಬ್ಬರು ಅಣ್ಣಂದಿರು ಎದುರಿನ ಕೆಂಪಂಗಿ ಸಾಲಿನಲ್ಲಿದ್ದರು. ಮಕಿಂಟಾಶ್ ಕುಲದ ಯಜಮಾನ ಸರ್ಕಾರದ ಸೇನೆಯಲ್ಲಿ ಅಧಿಕಾರಿ. ಅವನ ಹೆಂಡತಿ, ಇನ್ನೂ ಇಪ್ಪತ್ತರ ಆಸುಪಾಸಿನ ಆನ್, ಗಂಡನ ಕುಲದ ಗಂಡಸರನ್ನೇ ಕೂಡಿಸಿ ರಾಜಕುಮಾರನಿಗೆ ಕಳಿಸಿಕೊಟ್ಟಳು. ಜನ ಅವಳನ್ನು ಕರ್ನಲ್ ಆನ್ ಅಂತಲೇ ಕರೆದರು. ಆಮೇಲೆ ಗಂಡ ಸೆರೆಸಿಕ್ಕಾಗ ರಾಜಕುಮಾರ ಅವನನ್ನು ಬೇರೆ ಯಾರ ಸುಪರ್ದಿಗೂ ಕೊಡಲಿಲ್ಲ, ಹೆಂಡತಿಯ ವಶಕ್ಕೇ ಒಪ್ಪಿಸಿದ. ಹೆಂಡತಿ ಗಂಡನನ್ನು ಕ್ಯಾಪ್ಟನ್ ಅಂತಲೂ, ಗಂಡ ಹೆಂಡತಿಯನ್ನು ಕರ್ನಲ್ ಅಂತಲೂ ಕರೆದು ವಂದಿಸಿಕೊಂಡರು ಅಂತ ಆ ನಾಡಿನ ಜನ ಇಂದಿಗೂ ಹೇಳುತ್ತಾರೆ. ಕಲೋಡನ್ ಆದಮೇಲೆ ಆನ್‌ಳನ್ನೂ ಬಂಧಿಸಿದರು. ಬಿಡುಗಡೆಯಾಗಿ ಆಕೆ ಗಂಡನ ಮನೆಗೇ ಹಿಂದಿರುಗಿದಳು.

ಆ ಗಂಡಹೆಂಡಿರಲ್ಲಿ ಯಾರು ನಿಷ್ಠರು, ಹೇಳಿ. ಇಬ್ಬರೂ ತಾವು ಕೊಟ್ಟ ಮಾತಿಗೆ ನಿಂತವರೇ. ಯುದ್ಧ ಕೇಳುವ ನಿಷ್ಠೆ ಬಾವುಟದ್ದು; ಒಂದು ಬಾವುಟ ಹಿಡಿದರೆ ಇನ್ನೊಂದನ್ನು ಬಿಡಲೇಬೇಕು. ಮನೆಯ ನಿಷ್ಠೆಗೆ ಆ ಲೆಕ್ಕ ಹೊಂದುವುದಿಲ್ಲ. ಕ್ಲೇರ್‌ಳ ವಿಷಯದಲ್ಲಿ ನಾವು ಕೇಳುವ ‘ಯಾರ ಕಡೆ?’ ಅನ್ನುವ ಪ್ರಶ್ನೆ ರಣರಂಗದ ಪ್ರಶ್ನೆ. ಅದನ್ನೇ ಅಡುಗೆಮನೆಗೂ ತೊಟ್ಟಿಲಿಗೂ ಹಾಕಿದರೆ ಯಾರೂ ಉತ್ತೀರ್ಣರಾಗಲಾರರು.

ಕಾಲಪ್ರಯಾಣ ಇಲ್ಲಿ ಕ್ಲೇರ್‌ಗೆ ಕೊಡುವುದು ಒಂದೇ ಒಂದು ವರ, ಅದೂ ಶಾಪದಂಥದ್ದು. ಕಲೋಡನ್ನಿನಲ್ಲಿ ಯಾರು ಸೋಲುತ್ತಾರೆ ಅಂತ ಅವಳಿಗೆ ಮೊದಲೇ ಗೊತ್ತು. ಅವಳೂ ಜೇಮಿಯೂ ಪ್ಯಾರಿಸ್ಸಿಗೆ ಹೋಗಿ, ರಾಜಕುಮಾರನಿಗೆ ಹಣ ಸಿಗದಂತೆ ಮಾಡಿ ಯುದ್ಧವನ್ನೇ ತಪ್ಪಿಸಲು ಹೆಣಗುತ್ತಾರೆ. ಆ ಹೆಣಗಾಟದ ನಡುವೆ ಚೊಚ್ಚಲ ಮಗು ಹುಟ್ಟುವ ಮೊದಲೇ ತೀರಿಕೊಳ್ಳುತ್ತದೆ. ಯುದ್ಧ ಮಾತ್ರ ಹೇಳಿದ ದಿನಕ್ಕೆ ಬಂದೇ ಬರುತ್ತದೆ. ಮುಂದಾಗುವುದು ಗೊತ್ತಿದ್ದರೆ ನಮ್ಮವರನ್ನು ಉಳಿಸಿಕೊಳ್ಳಬಹುದಿತ್ತು ಅಂತ ಸಾವಿನ ಮನೆಯಲ್ಲಿ ಎಲ್ಲರೂ ಹಲುಬುತ್ತೇವಲ್ಲ, ಗೊತ್ತಿದ್ದೂ ಉಳಿಸಿಕೊಳ್ಳಲಾಗದವರ ಕಥೆ ಇದು.

ನಮ್ಮ ಭಾಗವತದ ಕಕುದ್ಮಿ ನಿಮಗೆ ನೆನಪಿರಬೇಕು. ಮಗಳು ರೇವತಿಗೆ ತಕ್ಕ ವರ ಯಾರೆಂದು ಕೇಳಲು ಅವಳನ್ನೂ ಕರೆದುಕೊಂಡು ಬ್ರಹ್ಮಲೋಕಕ್ಕೆ ಹೋದ ರಾಜ. ಅಲ್ಲಿ ಗಂಧರ್ವರ ಗಾನ ನಡೆದಿತ್ತು, ಕ್ಷಣಹೊತ್ತು ಕಾದ. ಅಷ್ಟರಲ್ಲಿ ಭೂಮಿಯ ಮೇಲೆ 27 ಚತುರ್ಯುಗಗಳು ಕಳೆದಿದ್ದವು. ಅವನು ಮನಸ್ಸಿನಲ್ಲಿಟ್ಟುಕೊಂಡಿದ್ದ ವರರಿರಲಿ, ಅವರ ಮೊಮ್ಮಕ್ಕಳ ಗೋತ್ರದ ಹೆಸರೂ ಉಳಿದಿರಲಿಲ್ಲ. ಹಿಂದಿರುಗಿದಾಗ ಅವನ ಊರು ಅವನದಾಗಿರಲಿಲ್ಲ. ಆದರೂ ಹೊರಟ ಕೆಲಸವನ್ನು ಅವನು ಕೈಬಿಡಲಿಲ್ಲ. ಮಗಳನ್ನು ಬಲರಾಮನಿಗೆ ಧಾರೆಯೆರೆದುಕೊಟ್ಟ ಮೇಲೆಯೇ ತಪಸ್ಸಿಗೆ ಹೋದ. ಕಾಲ ಎಲ್ಲವನ್ನೂ ಕಿತ್ತುಕೊಂಡ ಮೇಲೂ ಮಾಡಬೇಕಾದದ್ದು ಒಂದು ಉಳಿದಿರುತ್ತದೆ ಅನ್ನುವುದನ್ನು ನಮ್ಮ ಹಿರಿಯರು ಹೀಗೆ ಕಥೆ ಮಾಡಿಟ್ಟಿದ್ದಾರೆ.

ಕಲೋಡನ್ನಿನ ಮುನ್ನ ಜೇಮಿ ಬಸುರಿ ಹೆಂಡತಿಯನ್ನು ಕಲ್ಲುಗಳ ಬಳಿಗೆ ಕರೆತರುತ್ತಾನೆ. ತಾನು ನಾಳೆ ಸಾಯುವವನು, ಮಗುವಾದರೂ ಉಳಿಯಲಿ ಅನ್ನುವುದು ಅವನ ಆಸೆ. ಆ ಬೀಳ್ಕೊಡುಗೆಯಲ್ಲಿ ಅವನು ಫ್ರ್ಯಾಂಕನಿಗೆ ಹೇಳಿಕಳಿಸುವ ಮಾತನ್ನು ದಯವಿಟ್ಟು ಗಮನವಿಟ್ಟು ಓದಿ. ಅವನಿಗೆ ನಾನು ಕೃತಜ್ಞ, ಅವನ ಮೇಲೆ ನನಗೆ ಭರವಸೆಯಿದೆ, ಅವನನ್ನು ಕಂಡರೆ ನನಗೆ ಎಲುಬಿನಾಳದಿಂದ ದ್ವೇಷ — ಈ ಮೂರೂ ಒಂದೇ ಉಸಿರಿನಲ್ಲಿ ಬರುತ್ತವೆ. ಹೆಂಡತಿಯನ್ನೂ ಹುಟ್ಟಲಿರುವ ಕೂಸನ್ನೂ ಇನ್ನೊಬ್ಬನ ಕೈಗೆ ಒಪ್ಪಿಸುವ ಮನುಷ್ಯ ಇದಕ್ಕಿಂತ ಪ್ರಾಮಾಣಿಕವಾಗಿ ಏನು ಹೇಳಲು ಸಾಧ್ಯ?

ಹೀಗೆ 1948ರಲ್ಲಿ, ಮೂರು ವರ್ಷ ಕಾಣೆಯಾಗಿದ್ದ ಹೆಂಡತಿ ಬೇರೊಬ್ಬನ ಮಗು ಹೊತ್ತು ಫ್ರ್ಯಾಂಕನ ಮುಂದೆ ಬಂದು ನಿಲ್ಲುತ್ತಾಳೆ. ನಂಬಲಾಗದ ಕಥೆಯೊಂದನ್ನು ಹೇಳುತ್ತಾಳೆ. ಅವನು ಆ ಕ್ಷಣವೇ ಬಿಟ್ಟುಹೋಗಿದ್ದರೆ ಯಾರೂ ಬೈಯುತ್ತಿರಲಿಲ್ಲ. ಬಿಡಲಿಲ್ಲ. ಬಾಸ್ಟನ್ನಿಗೆ ಮನೆ ಬದಲಾಯಿಸಿ, ಹುಟ್ಟಿದ ಬ್ರಿಯಾನಾಳಿಗೆ ತನ್ನ ಹೆಸರು ಕೊಟ್ಟು, ತನ್ನದೇ ಮಗಳಾಗಿ ಬೆಳೆಸಿದ. ಆ ದಾಂಪತ್ಯ ಸುಖದ್ದಾಗಿತ್ತೆಂದು ನಾನು ಹೇಳಲಾರೆ. ಎಷ್ಟೋ ವರ್ಷ ಒಂದೇ ಸೂರಿನಡಿ ಎರಡು ಒಂಟಿತನಗಳು. ಕ್ಲೇರ್ ವೈದ್ಯಕೀಯ ಓದಿ ಶಸ್ತ್ರಚಿಕಿತ್ಸಕಿಯಾದಳು. ರಾತ್ರಿ ಪಾಳಿಗಳಲ್ಲಿ ಮಗಳ ಜೊತೆ ಇದ್ದದ್ದು ಫ್ರ್ಯಾಂಕ್. ಇತಿಹಾಸಕಾರನಾದ ಅವನು ಹಳೆಯ ದಾಖಲೆಗಳನ್ನು ಕೆದಕಿ, ಜೇಮಿ ಕಲೋಡನ್ನಿನಲ್ಲಿ ಸಾಯಲಿಲ್ಲ ಅನ್ನುವುದನ್ನೂ ಕಂಡುಕೊಂಡಿದ್ದ; ಅದನ್ನು ಹೆಂಡತಿಗೆ ಹೇಳಲಿಲ್ಲ. ಮುಚ್ಚಿಟ್ಟದ್ದು ತಪ್ಪೇ. ಆದರೆ ಅದೇ ಮನುಷ್ಯ ಮಗಳಿಗೆ ಕುದುರೆ ಸವಾರಿ ಕಲಿಸಿದ, ಬಂದೂಕಿನ ಗುರಿ ಕಲಿಸಿದ. ಇಪ್ಪತ್ತನೇ ಶತಮಾನದ ಬಾಸ್ಟನ್ನಿನ ಹುಡುಗಿಗೆ ಅವು ಯಾಕೆ? ಒಂದು ದಿನ ಅವಳು ಹೆತ್ತ ತಂದೆಯನ್ನು ಹುಡುಕಿ ಆ ಕಾಲಕ್ಕೆ ಹೋದರೆ ಬದುಕಿಕೊಳ್ಳಲಿ ಅಂತ. ತನ್ನನ್ನು ಬಿಟ್ಟುಹೋಗಬಹುದಾದ ಮಗಳನ್ನು ಆ ದಾರಿಗೆ ತಯಾರು ಮಾಡಿ ಕಾರು ಅಪಘಾತದಲ್ಲಿ ತೀರಿಕೊಂಡ. ನಾನು ಅತಿ ಹೆಚ್ಚು ಯೋಚಿಸಿರುವುದು ಈ ಮನುಷ್ಯನ ಬಗ್ಗೆ. ಅವನ ಪ್ರೀತಿಗೆ ಪ್ರತಿಫಲ ಸಿಗಲಿಲ್ಲ, ಆದರೆ ಅದು ಮಗಳ ಕೈಕಾಲುಗಳಲ್ಲಿ ಕಸುವಾಗಿ ಉಳಿಯಿತು.

ಆ ಕಡೆ, ಇನ್ನೂರು ವರ್ಷ ಹಿಂದೆ, ಲ್ಯಾಲಿಬ್ರಾಕ್ ಎಂಬ ಮನೆಯಲ್ಲಿ ಜೇಮಿಯ ಅಕ್ಕ ಜೆನ್ನಿ ಇದ್ದಾಳೆ. ಗಂಡ ಇಯಾನ್ ಫ್ರಾನ್ಸಿನ ಯುದ್ಧದಲ್ಲಿ ಕಾಲು ಕಳೆದುಕೊಂಡು ಮರದ ಕಾಲಿನಲ್ಲಿ ನಡೆಯುವವನು. ಮನೆ ತುಂಬ ಮಕ್ಕಳು, ಹೊಲ ತುಂಬ ಹಸಿದ ಒಕ್ಕಲುಗಳು. ಜೇಮಿ ಗುಹೆಯಲ್ಲಿ ವರ್ಷಗಟ್ಟಲೆ ಅಡಗಿದ್ದಾನೆ. ಸೈನಿಕರು ಅವನನ್ನು ಹುಡುಕಿಕೊಂಡು ಪದೇಪದೇ ಮನೆಗೆ ನುಗ್ಗುತ್ತಾರೆ. ಕೊನೆಗೆ ಜೇಮಿಯೇ ದಾರಿ ತೋರಿಸುತ್ತಾನೆ. ನನ್ನನ್ನು ಹಿಡಿದುಕೊಡಿ, ಬಂದ ಬಹುಮಾನದ ಹಣದಲ್ಲಿ ಊರು ಬದುಕಲಿ. ಟೆಲಿವಿಷನ್ ಸರಣಿಯಲ್ಲಿ ಈ ದೃಶ್ಯ ನೋಡಿ. ಸೈನಿಕರು ಮನೆಯಂಗಳದಲ್ಲಿ ಜೇಮಿಗೆ ಕೋಳ ಹಾಕುತ್ತಾರೆ. ಯಾರಿಗೂ ಸಂಶಯ ಬರಬಾರದು, ಆದ್ದರಿಂದ ಜೆನ್ನಿ ತಮ್ಮನನ್ನು ಮಾರಿದ ಅಕ್ಕನ ಹಾಗೆ ನಿಲ್ಲಬೇಕು. ಅಧಿಕಾರಿ ಹಣದ ಚೀಲವನ್ನು ಅವಳ ಕೈಗೆ ಹಾಕುತ್ತಾನೆ. ಅವಳು ತಮ್ಮನಿಗೆ, ನಿನ್ನನ್ನು ಎಂದೂ ಕ್ಷಮಿಸುವುದಿಲ್ಲ ಅನ್ನುತ್ತಾಳೆ. ಸೈನಿಕರಿಗೆ ಅದು ನಾಟಕದ ಮಾತಾಗಿ ಕೇಳಿಸಲಿಲ್ಲ; ತಮ್ಮನಿಗೂ ನಾಟಕವಾಗಿ ಕೇಳಿಸಲಿಲ್ಲ. ತನ್ನ ಕೈಯಿಂದಲೇ ಈ ಕೆಲಸ ಮಾಡಿಸಿದ್ದಕ್ಕೆ ಅವಳಿಗೆ ನಿಜಕ್ಕೂ ಸಿಟ್ಟಿದೆ. ಆ ಸಿಟ್ಟನ್ನು ನುಂಗಿಕೊಂಡು, ಆ ಹಣದಲ್ಲೇ ಮಕ್ಕಳಿಗೂ ಒಕ್ಕಲುಗಳಿಗೂ ಗಂಜಿ ಕಾಣಿಸುತ್ತಾಳೆ. ಹೊರಗಿನವರ ಕಣ್ಣಿಗೆ ದ್ರೋಹ, ಒಳಗೆ ಅದೇ ಅತಿ ದೊಡ್ಡ ನಿಷ್ಠೆ.

1968ರಲ್ಲಿ ಕ್ಲೇರ್‌ಗೆ ಜೇಮಿ ಬದುಕಿದ್ದನೆಂಬ ಸುಳಿವು ಸಿಗುತ್ತದೆ. ಮಗಳು ಬೆಳೆದು ನಿಂತಿದ್ದಾಳೆ. ಹೋಗು ಅಂತ ತಾಯಿಯನ್ನು ಕಳಿಸುವವಳು ಅವಳೇ. ಎಡಿನ್‌ಬರೋದ ಒಂದು ಮುದ್ರಣಾಲಯದಲ್ಲಿ, ಇಪ್ಪತ್ತು ವರ್ಷಗಳಾದ ಮೇಲೆ, ಗಂಡಹೆಂಡಿರು ಎದುರಾಗುತ್ತಾರೆ. ಆಲಿಂಗನಕ್ಕಿಂತ ನನ್ನ ಮನಸ್ಸಿನಲ್ಲಿ ನಿಂತದ್ದು ಅವಳು ತಂದ ಛಾಯಾಚಿತ್ರಗಳು. ಛಾಯಾಚಿತ್ರ ಅನ್ನುವುದೇ ಗೊತ್ತಿಲ್ಲದ ಕಾಲದ ಮನುಷ್ಯನ ಕೈಗೆ ಅವಳು ಒಂದೊಂದಾಗಿ ಇಡುತ್ತಾಳೆ. ಇದು ಹುಟ್ಟಿದಾಗಿನದು, ಇದು ನಡೆಯಲು ಕಲಿತ ಮೇಲಿನದು, ಇದು ಈಗಿನದು. ಕಾಗದದ ಮೇಲೆ ತನ್ನದೇ ಕೆಂಪು ಕೂದಲು, ತನ್ನದೇ ಕಣ್ಣು. ಸೆರೆಮನೆಗೂ ಚಾಟಿಗೂ ಜಗ್ಗದ ಗಂಡಸು ಅವಳ ಹೆಗಲಿಗೆ ತಲೆಯಿಟ್ಟು ಅತ್ತುಬಿಡುತ್ತಾನೆ. ಆ ಛಾಯಾಚಿತ್ರಗಳನ್ನು ಜೋಡಿಸುವಾಗ ಕ್ಲೇರ್ ಮಾಡಿದ್ದು ಒಬ್ಬ ತಂದೆಗೆ ಅವನ ಪಾಲು ಮುಟ್ಟಿಸುವ ಕೆಲಸ. ಆ ಚಿತ್ರಗಳಲ್ಲಿರುವ ಬಾಲ್ಯವನ್ನು ಕಾಪಾಡಿದವನು ಫ್ರ್ಯಾಂಕ್ ಅನ್ನುವುದು ಇಬ್ಬರಿಗೂ ಗೊತ್ತಿದೆ.

ಮುಂದಿನ ಪುಸ್ತಕಗಳು ಅಮೆರಿಕದ ನಾರ್ತ್ ಕ್ಯಾರೊಲೈನಾಕ್ಕೆ ಹೋಗುತ್ತವೆ. ತಂದೆತಾಯಿ ಬೆಂಕಿಯಲ್ಲಿ ಸತ್ತರೆಂಬ ಹಳೆಯ ಪತ್ರಿಕೆಯ ಸುದ್ದಿಯೊಂದನ್ನು ಕಂಡು ಬ್ರಿಯಾನಾ ಅವರನ್ನು ಎಚ್ಚರಿಸಲು ಕಲ್ಲು ದಾಟುತ್ತಾಳೆ. ಆ ವಸಾಹತಿನಲ್ಲಿ ಕಟ್ಟುಕಥೆಗಿಂತ ನಿಜವೇ ಹೆಚ್ಚು ಗೋಜಲಾಗಿತ್ತು. ಸೋತ ರಾಜಕುಮಾರನನ್ನು ಹೆಣ್ಣುವೇಷದಲ್ಲಿ ದೋಣಿ ಹತ್ತಿಸಿ ಸ್ಕೈ ದ್ವೀಪಕ್ಕೆ ದಾಟಿಸಿದ ಫ್ಲೋರಾ ಮ್ಯಾಕ್‌ಡೊನಾಲ್ಡ್ 1774ರಲ್ಲಿ ಸಂಸಾರಸಮೇತ ಅಲ್ಲಿಗೇ ವಲಸೆ ಬಂದಳು. ಸ್ವಾತಂತ್ರ್ಯಯುದ್ಧ ಶುರುವಾದಾಗ ಅವಳ ಗಂಡ ನಿಂತದ್ದು ಬ್ರಿಟಿಷ್ ರಾಜನ ಕಡೆ. 1776ರ ಫೆಬ್ರವರಿ 27ರಂದು ಮೂರ್ಸ್ ಕ್ರೀಕ್ ಸೇತುವೆಯಲ್ಲಿ ಸೋತ ಪಡೆಯೊಡನೆ ಅವನೂ ಸೆರೆಯಾದ. ಆಸ್ತಿ ಹೋಯಿತು, ಕೊನೆಗೆ ಫ್ಲೋರಾ ಗಂಡನಿಲ್ಲದೆ ಸ್ಕಾಟ್ಲೆಂಡಿಗೆ ಮರಳಿದಳು. ಒಂದೇ ಜನ್ಮದಲ್ಲಿ ರಾಜನ ವೈರಿಯನ್ನೂ ಕಾಪಾಡಿ, ರಾಜನಿಗಾಗಿ ಮನೆಯನ್ನೂ ಕಳೆದುಕೊಂಡವಳು. ಅವಳು ಬಾವುಟ ಬದಲಿಸಿದಳು ಅಂತ ಹೇಳುವುದು ಸುಲಭ. ಎರಡು ಸಲವೂ ಕಣ್ಣೆದುರು ಇದ್ದವರನ್ನು ಕೈಬಿಡಲಿಲ್ಲ ಅಂತ ನಾನು ಓದಿಕೊಳ್ಳುತ್ತೇನೆ.

ಇದೆಲ್ಲ ದೂರದ ನಾಡಿನದು ಅನ್ನಿಸಿದರೆ ಒಂದು ಮಾತು. ಕಲೋಡನ್ನಿನ ಒಂದು ಎಳೆ ನೇರ ನಮ್ಮ ಶ್ರೀರಂಗಪಟ್ಟಣಕ್ಕೆ ಬಂದು ಸೇರುತ್ತದೆ. ಕ್ರಾಮರ್ಟಿಯ ಅರ್ಲ್ ಮತ್ತು ಅವನ ಮಗ ಲಾರ್ಡ್ ಮೆಕ್‌ಲೌಡ್ ರಾಜಕುಮಾರನ ಕಡೆ ಹೋರಾಡಿ, ಕಲೋಡನ್ನಿನ ಹಿಂದಿನ ದಿನ ಸೆರೆಸಿಕ್ಕರು. ತಂದೆಗೆ ಮರಣದಂಡನೆಯಾಯಿತು, ತುಂಬುಬಸುರಿ ಹೆಂಡತಿ ಅಂಗಲಾಚಿ ಬೇಡಿದ ಮೇಲೆ ಪ್ರಾಣ ಉಳಿಯಿತು, ಆಸ್ತಿ ಉಳಿಯಲಿಲ್ಲ. ಮಗ ಸ್ವೀಡನ್ನಿನ ಸೇನೆಯಲ್ಲಿ ಬಹುಕಾಲ ದುಡಿದು, ಹಿಂದಿರುಗಿ, ತನ್ನ ಮನೆ ಮುರಿದ ರಾಜಮನೆತನಕ್ಕಾಗಿಯೇ ಹೈಲ್ಯಾಂಡರುಗಳ ಪಡೆ ಕಟ್ಟಿದ. ಆ ಪಡೆ 1780ರಲ್ಲಿ ಮದರಾಸಿಗೆ ಬಂತು. ಅದರ ಎರಡು ತುಕಡಿಗಳು ಆ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಹೈದರ್ ಅಲಿ, ಟಿಪ್ಪುವಿನ ಸೈನ್ಯಕ್ಕೆ ಸಿಕ್ಕಿ ನುಚ್ಚುನೂರಾದವು. ಬದುಕಿದವರನ್ನು ಶ್ರೀರಂಗಪಟ್ಟಣದ ಸೆರೆಗೆ ತಂದರು. 1784ರಲ್ಲಿ ಮೆಕ್‌ಲೌಡನಿಗೆ ತಂದೆಯ ಜಮೀನು ಮರಳಿ ಸಿಕ್ಕಿತು. ಅವನು ಕಳೆದುಕೊಂಡ ಮನೆಯನ್ನು ಮರಳಿ ಪಡೆಯಲು ತೆತ್ತ ಬೆಲೆಯಲ್ಲಿ ಆ ತುಕಡಿಗಳ ಹುಡುಗರ ಪ್ರಾಣವೂ ಸೇರಿತ್ತು.

ಪೊಳ್ಳಿಲೂರಿನಲ್ಲಿ ಸೋತ ಕರ್ನಲ್ ವಿಲಿಯಂ ಬೇಲಿಯೂ ಇನ್ವರ್ನೆಸ್ ಸೀಮೆಯ ಮನೆತನದವನೇ. ಶ್ರೀರಂಗಪಟ್ಟಣದ ಅರಮನೆಯಾದ ದರಿಯಾ ದೌಲತ್‌ನ ಗೋಡೆಯ ದೊಡ್ಡ ಚಿತ್ರದಲ್ಲಿ, ಸಿಡಿಯುತ್ತಿರುವ ಮದ್ದಿನ ಬಂಡಿಯ ಕೆಳಗೆ, ಪಲ್ಲಕ್ಕಿಯಲ್ಲಿ ಕುಳಿತವನು ಅವನೇ. ಆ ಗೋಡೆಯನ್ನು ನಾವು ಮೈಸೂರಿನ ಗೆಲುವಾಗಿ ಹೆಮ್ಮೆಯಿಂದ ನೋಡುತ್ತೇವೆ, ನೋಡಬೇಕಾದದ್ದೇ. ಬೇಲಿ 1782ರಲ್ಲಿ ಸೆರೆಯಲ್ಲೇ ಸತ್ತ. ಅವನ ಗೋರಿಯ ಮೇಲಿನ ಮಂಟಪ 1816ರದು. ಕಟ್ಟಿಸಿದವನು ಲಖನೌದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ರೆಸಿಡೆಂಟನಾಗಿದ್ದ ಅವನ ಸಂಬಂಧಿ. ಸತ್ತು ಮೂವತ್ತು ವರ್ಷ ಮೀರಿದ ಮೇಲೆ, ದೂರದ ಊರಿನಿಂದ ಹಣ ಕಳಿಸಿ, ಶತ್ರುವಿನ ರಾಜಧಾನಿಯಾಗಿದ್ದ ನೆಲದಲ್ಲಿ ತನ್ನವನ ಹೆಸರು ಕೆತ್ತಿಸಿದ. ಕಂಪನಿಯ ಆಳ್ವಿಕೆಯ ಬಗ್ಗೆ ನನಗೆ ಯಾವ ಮಮತೆಯೂ ಇಲ್ಲ, ನಿಮಗೆ ಗೊತ್ತು. ಮನೆಯವನೊಬ್ಬನನ್ನು ಹೀಗೆ ನೆನೆದದ್ದಕ್ಕೆ ಮಾತ್ರ ನನ್ನ ಗೌರವ ಇದೆ.

ಇಷ್ಟೆಲ್ಲ ಬರೆದದ್ದು ನಿಮ್ಮ ಪ್ರಶ್ನೆಗಾಗಿಯೇ. ಕಾಲ ಮತ್ತು ಯುದ್ಧ ಎರಡೂ ಮಾಡುವುದು ಒಂದೇ: ನಮ್ಮವರನ್ನು ನಮ್ಮ ಕೈಗೆಟುಕದ ಕಡೆ ಇಟ್ಟುಬಿಡುತ್ತವೆ. ಆಗ ಎದುರಿಗೆ ಇಲ್ಲದವರ ಪಾಲಿನ ಕೆಲಸವನ್ನು ಯಾರು ಮಾಡಿದರು ಅನ್ನುವುದರಲ್ಲಿ ನಿಷ್ಠೆ ಗೊತ್ತಾಗುತ್ತದೆ. ಜೆನ್ನಿ ತಮ್ಮನ ಊರನ್ನು ಉಳಿಸಿದಳು. ಫ್ರ್ಯಾಂಕ್ ಇನ್ನೊಬ್ಬನ ಮಗಳನ್ನು ಬೆಳೆಸಿದ. ಕ್ಲೇರ್ ಎರಡು ಶತಮಾನಗಳಲ್ಲೂ ತನ್ನ ಪಾಲಿಗೆ ಬಂದವರ ಗಾಯ ಕಟ್ಟಿದಳು, ಮಗಳನ್ನು ದಡ ಸೇರಿಸಿದಳು, ತಂದೆಗೆ ಮಗಳ ಮುಖ ತೋರಿಸಿದಳು. ಫ್ರ್ಯಾಂಕನ ಮನಸ್ಸನ್ನು ಅವಳು ನೋಯಿಸಿದ್ದು ನಿಜ. ಆ ಸಾಲ ತೀರಲಿಲ್ಲ, ತೀರುವಂಥದ್ದೂ ಅಲ್ಲ. ಆದರೂ ನನ್ನ ಲೆಕ್ಕದಲ್ಲಿ ಅವಳು ನಿಷ್ಠಾವಂತೆಯೇ.

ಪುಸ್ತಕವನ್ನು ಮತ್ತೆ ತೆಗೆಯಿರಿ. ಮೊದಲನೆಯದರಲ್ಲಿ ಮನಸ್ಸು ನಿಲ್ಲದಿದ್ದರೆ 1968ರಿಂದ ಆರಂಭವಾಗುವ ಎರಡನೆಯದರಿಂದ ಹಿಡಿಯಿರಿ. ಬೆಳೆದ ಮಗಳ ಕಣ್ಣಿನಲ್ಲಿ ತಾಯಿಯನ್ನು ಕಂಡರೆ ಸಿಟ್ಟು ಬೇರೆ ರೂಪ ತಾಳಬಹುದು. ಓದಿದ ಮೇಲೂ ನಿಮ್ಮ ತೀರ್ಪು ಬದಲಾಗದಿದ್ದರೆ ಖಂಡಿತ ಬರೆಯಿರಿ. ಅದರಲ್ಲೂ ಫ್ರ್ಯಾಂಕ್ ಮುಚ್ಚಿಟ್ಟ ಆ ಒಂದು ಸತ್ಯವನ್ನು ನೀವು ಕ್ಷಮಿಸುತ್ತೀರಾ ಇಲ್ಲವಾ ಅಂತ ತಿಳಿಯುವ ಆಸೆ ನನಗಿದೆ.



ಪ್ರೀತಿಯಿಂದ,
ನಿಮ್ಮ ಗೆಳತಿ